ಕುಳಿತೇ ನಡೆಸಿದ ವೈದ್ಯೆ

ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಬೀದಿಗಳಲ್ಲಿ ಅಡ್ಡಾಡಿದವರಿಗೆ ಲೇತುಯಂತ್ರಗಳ ಸದ್ದು ಅಪರಿಚಿತವಲ್ಲ. ಆ ಸದ್ದಿನ ನಡುವೆಯೇ ಬಾಳಿನ ಬಹುಭಾಗವನ್ನು ಕಳೆದ ನನ್ನ ಅಣ್ಣನ ಬಲಗೈ ಕೆಲವು ವರ್ಷಗಳ ಹಿಂದೆ ಯಂತ್ರಕ್ಕೆ ಸಿಕ್ಕಿತು. ಬೆರಳುಗಳನ್ನು ಮಡಿಸುವ ಸ್ನಾಯುರಜ್ಜುಗಳು ತುಂಡಾದವು. ಶಸ್ತ್ರಚಿಕಿತ್ಸೆಯೇನೋ ಚೆನ್ನಾಗಿಯೇ ಆಯಿತು; ಗಾಯ ಮಾಯಿತು, ಹೊಲಿಗೆಯನ್ನೂ ಬಿಚ್ಚಿದರು. ಆದರೆ ಕೈ ಮಾತ್ರ ಮರದ ತುಂಡಿನಂತೆ ಬಿಗಿದುಕೊಂಡಿತ್ತು. ಎಡಗೈಯಲ್ಲಿ ಉಣ್ಣುವುದನ್ನು ನಾಲ್ಕು ಜನ ನೋಡಿಯಾರೆಂಬ ನಾಚಿಕೆಯಿಂದ ಅಣ್ಣ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟ. ಹೊರಗೆ ಹೊರಟರೆ ಆ ಕೈ ಟವಲಿನ ಮರೆಯಲ್ಲಿರುತ್ತಿತ್ತು.

ವಾರಕ್ಕೆ ಮೂರು ದಿನ ಅವನನ್ನು ಆಸ್ಪತ್ರೆಯೊಂದರ ಫಿಜಿಯೋಥೆರಪಿ ವಿಭಾಗಕ್ಕೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸವಾಯಿತು. ಅಲ್ಲಿ ಹಿರಿಯ ವೈದ್ಯರೊಬ್ಬರು ರೋಗಿಗಳನ್ನು ನೋಡುತ್ತಲೇ ವೈದ್ಯವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳುತ್ತಿದ್ದರು. ಒಂದು ದಿನ ಅವರು ವಿದ್ಯಾರ್ಥಿಗಳೆಲ್ಲರ ಬಲಗೈ ಬೆರಳುಗಳನ್ನು ಪಟ್ಟಿಯಿಂದ ಬಿಗಿದು ಕಟ್ಟಿಸಿ, ಅಂಗಿಯ ಗುಂಡಿ ಹಾಕಿಕೊಳ್ಳಿರೆಂದರು. ಹುಡುಗರು ಪರದಾಡಿದರು. ಆಗ ವೈದ್ಯರು ನನ್ನ ಅಣ್ಣನ ಕಡೆ ತಿರುಗಿ, ಅದು ಹೇಗೆಂದು ಇವರಿಗೆ ಸ್ವಲ್ಪ ತೋರಿಸಿಕೊಡಿ ಎಂದು ಕೇಳಿಕೊಂಡರು. ಅಣ್ಣ ಟವಲನ್ನು ನನ್ನ ಕೈಗೆ ಕೊಟ್ಟು ಮುಂದೆ ಬಂದು ತೋರಿಸಿಕೊಟ್ಟ. ಎರಡು ದಶಕ ಕಾಲ ತರಗತಿಯಲ್ಲಿ ನಿಂತು ಪಾಠ ಹೇಳಿದ ನನಗೆ ಅಂದು ಕಂಡದ್ದು ಬೇರೊಂದು ಬಗೆಯ ಪಾಠ. ಇದನ್ನು ಎಲ್ಲಿ ಕಲಿತಿರೆಂದು ಕೇಳಿದಾಗ ಆ ವೈದ್ಯರು ವೆಲ್ಲೂರಿನ ಹೆಸರನ್ನೂ, ಡಾಕ್ಟರ್ ಮೇರಿ ವರ್ಗೀಸರ ಹೆಸರನ್ನೂ ಹೇಳಿದರು. ಆ ಹೆಸರಿನ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲಿನಲ್ಲಿ ಕಾಟಪಾಡಿಯಲ್ಲಿ ಇಳಿದರೆ ವೆಲ್ಲೂರು ಹತ್ತಿರ. ಕಾಯಿಲೆಯ ಕಾಗದಗಳ ಕಟ್ಟನ್ನು ಹಿಡಿದು ಅಲ್ಲಿ ಇಳಿಯುವ ಕನ್ನಡಿಗರು ಇಂದಿಗೂ ಕಡಮೆಯಿಲ್ಲ. 1900ರಲ್ಲಿ ಐಡಾ ಸ್ಕಡ್ಡರ್ ಎಂಬ ಅಮೆರಿಕದ ವೈದ್ಯೆ ಒಂದೇ ಹಾಸಿಗೆಯಿಂದ ಆರಂಭಿಸಿದ ಚಿಕಿತ್ಸಾಲಯ ಅದು. 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯಾಗಿ, ಮುಂದೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಾಗಿ ಬೆಳೆಯಿತು. ರೋಗಿಯ ಮಗ್ಗುಲಲ್ಲೇ ವಿದ್ಯಾರ್ಥಿಯನ್ನು ನಿಲ್ಲಿಸಿ ಕಲಿಸುವ ಆ ಕಾಲೇಜಿಗೆ ಓದಲು ಬಂದವರು, 1925ರಲ್ಲಿ ಕೊಚ್ಚಿಯ ಸೀಮೆಯಲ್ಲಿ ಹುಟ್ಟಿದ ಮೇರಿ ಪೂನೆನ್ ವರ್ಗೀಸ್. ಓದು ಮುಗಿಸಿ ಅಲ್ಲಿಯೇ ಕೆಲಸಕ್ಕೆ ನಿಂತ ಅವರ ಮುಂದೆ ಉಳಿದ ಯುವ ವೈದ್ಯರಿಗಿದ್ದಂತೆಯೇ ನೇರವಾದ ದಾರಿಯೊಂದಿತ್ತು.

1954ರ ಜನವರಿಯಲ್ಲಿ ಆ ದಾರಿ ಕಡಿದುಹೋಯಿತು. ಜತೆಯ ಯುವ ವೈದ್ಯರೊಡನೆ ವಿಹಾರಕ್ಕೆಂದು ಹೊರಟಿದ್ದ ವಾಹನ ಉರುಳಿಬಿದ್ದು ಮೇರಿಯವರ ಮುಖ ಸೀಳಿತು; ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗಿನ ದೇಹ ಸ್ವಾಧೀನ ತಪ್ಪಿತು. ಆಗ ಅವರಿಗೆ 28 ವರ್ಷ.

ಆ ಕಾಲದಲ್ಲಿ ಇಂಥ ಪೆಟ್ಟಿನ ಅರ್ಥವೇನೆಂಬುದನ್ನು ಇಲ್ಲಿ ಹೇಳಬೇಕು. ಎರಡನೆಯ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿ ತುಂಡಾದವರಲ್ಲಿ ಹೆಚ್ಚಿನವರು ಬಹುಕಾಲ ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಪೆಟ್ಟಲ್ಲ, ಅದರ ಹಿಂದೆ ಬರುವ ಹಾಸಿಗೆಹುಣ್ಣು ಮತ್ತು ಮೂತ್ರಕೋಶದ ಸೋಂಕು. ನೋವು ತಿಳಿಯದ ಮೈ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಚರ್ಮ ಕೊಳೆಯುತ್ತದೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಇಂಥ ಸೈನಿಕರನ್ನು ಎರಡೆರಡು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಮಗ್ಗುಲು ಬದಲಿಸಿ ಮಲಗಿಸುವ ಕಟ್ಟುನಿಟ್ಟನ್ನು ತಂದರು. ಎದ್ದು ಕೂರಿಸಿ ಕೆಲಸಕ್ಕೂ ಆಟಕ್ಕೂ ಹಚ್ಚಿದರು. ಸಾಯಬೇಕಾಗಿದ್ದವರು ಬದುಕತೊಡಗಿದರು. ಬದುಕಿದ ಮೇಲೆ ಏನು ಎಂಬ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿತು. ವೆಲ್ಲೂರಿನ ಹಾಸಿಗೆಯಲ್ಲಿ ಮಲಗಿದ್ದ ಮೇರಿಯವರಿಗೂ ಅದೇ ಪ್ರಶ್ನೆ ಎದುರಾಯಿತು. ನಿಲ್ಲಲಾರದ ವೈದ್ಯೆಯಿಂದ ಯಾರಿಗೆ ಏನು ಪ್ರಯೋಜನ?

ಇದಕ್ಕೆ ದಾರಿ ತೋರಿದವರು ಅಲ್ಲಿನ ಶಸ್ತ್ರವೈದ್ಯರಾಗಿದ್ದ ಪಾಲ್ ಬ್ರಾಂಡ್. ಕುಷ್ಠರೋಗಿಗಳ ಕೈಗಳನ್ನು ನೇರ್ಪಡಿಸುವುದು ಅವರು ಕೈಗೊಂಡಿದ್ದ ಮಹತ್ಕಾರ್ಯ. ಈ ರೋಗ ಮೊಣಕೈಯ ಬಳಿ ಹಾಯುವ ನರವನ್ನು ಕೆಡಿಸಿದಾಗ ಅಂಗೈಯ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಹಕ್ಕಿಯ ಉಗುರಿನಂತೆ ಮುರುಟಿಕೊಳ್ಳುತ್ತವೆ. ಮುಂಗೈಯ ಸ್ನಾಯುಗಳಲ್ಲಿ ಮಾತ್ರ ಹಲವು ಇನ್ನೂ ಗಟ್ಟಿಯಾಗಿರುತ್ತವೆ. ಹಾಗೆ ಉಳಿದ ಸ್ನಾಯುವೊಂದರ ರಜ್ಜುವನ್ನು ಸೋತ ಸ್ನಾಯುವಿನ ಜಾಗಕ್ಕೆ ತಂದು ಹೊಲಿಯುವುದೇ ಬ್ರಾಂಡರ ವಿಧಾನ. ಈ ಕೆಲಸವನ್ನು ಕುಳಿತೇ ಮಾಡಬಹುದು. ಆದುದರಿಂದ ಅವರು ಮೇರಿಯವರನ್ನು ಗಾಲಿಕುರ್ಚಿಯ ಸಮೇತ ಶಸ್ತ್ರಕ್ರಿಯೆಯ ಕೊಠಡಿಗೆ ಕರೆದರು.

ಆದರೆ ಚಾಕುವಿನ ಕೆಲಸ ಮುಗಿದಲ್ಲಿಗೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಸ್ನಾಯು ಹೊಸ ಜಾಗಕ್ಕೆ ಬಂದಿದ್ದರೂ ಅದಕ್ಕೆ ಹಳೆಯ ಅಭ್ಯಾಸವೇ ನೆನಪು. ಬೆರಳನ್ನು ಮಡಿಸಲು ಕಲಿತಿದ್ದ ಸ್ನಾಯು ಈಗ ಅದೇ ಬೆರಳನ್ನು ನೇರಮಾಡಲು ಕಲಿಯಬೇಕು. ವೆಲ್ಲೂರಿನಲ್ಲಿ ಈ ಎರಡನೆಯ ಅರ್ಧವನ್ನು ಹೊತ್ತವರಲ್ಲಿ ರೂತ್ ಥಾಮಸ್ ಎಂಬ ಇಂಗ್ಲಿಷ್ ಫಿಜಿಯೋಥೆರಪಿಸ್ಟ್ ಮುಖ್ಯರು. ದಿನದಿನವೂ ರೋಗಿಯ ಎದುರು ಕುಳಿತು, ಒಂದೊಂದೇ ಬೆರಳನ್ನು ಅಲುಗಿಸಿ, ಮಿದುಳಿಗೆ ಹೊಸ ಪಾಠ ಕಲಿಸುವ ಕೆಲಸ ಅದು; ಒಂದನೆಯ ತರಗತಿಯ ಉಪಾಧ್ಯಾಯರು ಮಗುವಿನ ಕೈ ಹಿಡಿದು ಅ ಆ ತಿದ್ದಿಸುವಂತೆ. ಅಣ್ಣನ ಬೆರಳುಗಳನ್ನು ಅವರು ತಿದ್ದುವುದನ್ನು ಕಣ್ಣಾರೆ ಕಂಡ ಬಳಿಕ ಈ ಹೋಲಿಕೆ ನನಗೆ ಅತಿಶಯವೆನಿಸುವುದಿಲ್ಲ.

ಮೇರಿಯವರನ್ನು ಕಂಡ ಕುಷ್ಠರೋಗಿಗಳಲ್ಲಿ ಒಂದು ಬದಲಾವಣೆಯಾಯಿತೆಂದು ಬ್ರಾಂಡರು ಮುಂದೆ ನೆನೆಯುತ್ತಿದ್ದರು. ತಮ್ಮದೇ ದೊಡ್ಡ ದುಃಖವೆಂದು ಕುಗ್ಗಿದ್ದವರು, ಕೆನ್ನೆಯ ಮೇಲೆ ಗಾಯದ ಗುರುತು ಹೊತ್ತು ಗಾಲಿಕುರ್ಚಿಯನ್ನು ಉರುಳಿಸಿಕೊಂಡು ಬಂದು ತಮ್ಮ ಕೈ ಹಿಡಿಯುವ ವೈದ್ಯೆಯನ್ನು ಕಂಡು ತಲೆಯೆತ್ತಿದರು. ಯಾವ ಉಪದೇಶವೂ ಮಾಡಲಾಗದ ಕೆಲಸವನ್ನು ಆ ಕುರ್ಚಿ ಮಾಡಿತು.

ಇಷ್ಟಕ್ಕೇ ನಿಂತಿದ್ದರೆ ಮೇರಿಯವರ ಬಾಳು ಒಬ್ಬರ ಧೈರ್ಯದ ಕಥೆಯಾಗಿ ಉಳಿಯುತ್ತಿತ್ತು. ಆದರೆ ಅವರು ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೋಗಿ, ಮೊದಲು ರೋಗಿಯಾಗಿ ತಮ್ಮ ದೇಹವನ್ನು ತಾವೇ ನಿಭಾಯಿಸುವುದನ್ನು ಕಲಿತರು. ಇಂಥ ಚಿಕಿತ್ಸೆ ತಮ್ಮ ದೇಶದವರಿಗೂ ದೊರೆಯಬೇಕಲ್ಲವೇ ಎಂಬ ಹಂಬಲ ಬಲಿತು, ಶಿಷ್ಯವೇತನ ಪಡೆದು ನ್ಯೂಯಾರ್ಕಿಗೆ ತೆರಳಿದರು. ಅಲ್ಲಿ ಹೋವರ್ಡ್ ರಸ್ಕ್ ಎಂಬವರು, ಯುದ್ಧದಲ್ಲಿ ಗಾಯಗೊಂಡ ವೈಮಾನಿಕರ ನಡುವೆ ದುಡಿದು ಪಡೆದ ಅನುಭವದಿಂದ, ಪುನಶ್ಚೇತನ ಚಿಕಿತ್ಸೆಯ ದೊಡ್ಡ ಸಂಸ್ಥೆಯನ್ನೇ ಕಟ್ಟಿದ್ದರು. ಜೀವ ಉಳಿಸುವುದರೊಂದಿಗೆ ವೈದ್ಯನ ಹೊಣೆ ಮುಗಿಯದು, ಬದುಕನ್ನು ಮರಳಿ ಕೈಗೆ ಕೊಟ್ಟಾಗಲೇ ಅದು ಪೂರ್ತಿಯಾಗುತ್ತದೆ ಎಂಬುದು ಅವರ ನಿಲುವು. ರೋಗಿಯಾಗಿದ್ದ ಮೇರಿಯವರು ಆ ಶಾಸ್ತ್ರದಲ್ಲಿ ವಿಶೇಷ ತರಬೇತಿ ಪಡೆದ ತಜ್ಞೆಯಾಗಿ 1963ರಲ್ಲಿ ವೆಲ್ಲೂರಿಗೆ ಮರಳಿ, ಅಲ್ಲಿನ ಪುನಶ್ಚೇತನ ಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾದರು. ಡಾರತಿ ಕ್ಲಾರ್ಕ್ ವಿಲ್ಸನ್ ಎಂಬ ಲೇಖಕಿ ಬರೆದ ಅವರ ಜೀವನಚರಿತ್ರೆ ಅದೇ ವರ್ಷ ಪ್ರಕಟವಾಗಿ ಅವರ ಹೆಸರು ದೇಶವಿದೇಶಗಳಲ್ಲಿ ಹರಡಿತು.

1966ರಲ್ಲಿ ಕಾಲೇಜಿನ ಆವರಣವಿರುವ ಬಾಗಾಯಂನಲ್ಲಿ ಪುನಶ್ಚೇತನ ಸಂಸ್ಥೆ ತೆರೆಯಿತು. ರೋಗಿಗಳನ್ನು ಒಳಗೇ ಇರಿಸಿಕೊಂಡು ಈ ಬಗೆಯ ಚಿಕಿತ್ಸೆ ಕೊಡುವ ಸಂಸ್ಥೆಗಳಲ್ಲಿ ದೇಶದಲ್ಲೇ ಮೊದಲಿನದೆಂಬ ಹೆಸರು ಅದಕ್ಕೆ ಬಂತು. ತೆಂಗಿನ ಮರದಿಂದ ಬಿದ್ದವರು, ಬಾವಿಗೆ ಬಿದ್ದವರು, ರಸ್ತೆಯ ಅಪಘಾತಕ್ಕೆ ಸಿಕ್ಕಿದವರು, ಇಂಥ ಬಡವರ ಬೆನ್ನುಗಳೇ ನಮ್ಮ ನಾಡಿನಲ್ಲಿ ಹೆಚ್ಚಾಗಿ ಮುರಿಯುವುದು. ಅವರಿಗೆ ಬೇಕಾದ ವಿದ್ಯೆ ಯಾವುದು? ಹಾಸಿಗೆಯಿಂದ ಕುರ್ಚಿಗೆ ತಾನೇ ಜರುಗುವುದು, ಕನ್ನಡಿ ಹಿಡಿದು ಬೆನ್ನಿನ ಚರ್ಮವನ್ನು ತಾನೇ ನೋಡಿಕೊಳ್ಳುವುದು, ಮೆಟ್ಟಿಲಿಲ್ಲದ ಬಾಗಿಲನ್ನು ಮನೆಗೆ ಇಡಿಸುವುದು, ಕುಳಿತು ಮಾಡುವ ಕಸುಬೊಂದನ್ನು ಹಿಡಿಯುವುದು. ಇದಕ್ಕೆ ವೈದ್ಯರೊಬ್ಬರೇ ಸಾಲರು. ಅಂಗಸಾಧನೆ ಮಾಡಿಸುವವರು, ಕಸುಬು ಕಲಿಸುವವರು, ದಾದಿಯರು, ಮನೆಯವರು ಎಲ್ಲರೂ ಕೂಡಬೇಕು. ವೈದ್ಯವಿದ್ಯಾರ್ಥಿಗೆ ಇದನ್ನೆಲ್ಲ ತೋರಿಸದೆ ರೋಗದ ಹೆಸರನ್ನಷ್ಟೇ ಕಲಿಸಿದರೆ, ಅವನು ರೋಗಿಯನ್ನು ಆಸ್ಪತ್ರೆಯ ಬಾಗಿಲಿನವರೆಗೆ ಮಾತ್ರ ಬಲ್ಲ. ಬಾಗಿಲಿನ ಆಚೆಗೆ ಏನಾಗುತ್ತದೆಂಬುದನ್ನು ಮೈಯಾರೆ ಬಲ್ಲ ಅಧ್ಯಾಪಕಿ ವೆಲ್ಲೂರಿನ ವಿದ್ಯಾರ್ಥಿಗಳಿಗೆ ದೊರೆತರು. ಚಿಕಿತ್ಸೆ ಮತ್ತು ಬೋಧನೆ ಅವರಲ್ಲಿ ಎರಡು ಉದ್ಯೋಗಗಳಾಗಿರಲಿಲ್ಲ.

1972ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 1986ರಲ್ಲಿ ಅವರು ತೀರಿಕೊಂಡರು. ಅಪಘಾತದ ಅನಂತರ ಅವರು ಬಾಳಿದ್ದು ಮೂರು ದಶಕಕ್ಕೂ ಹೆಚ್ಚು ಕಾಲ. ಅವರ ಕೆಲಸವೆಂದು ನಾವು ಇಂದು ನೆನೆಯುವುದೆಲ್ಲವೂ ಆ ಅವಧಿಯದೇ.

ನಮ್ಮ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಈಗ ವೈದ್ಯಕೀಯ ಕಾಲೇಜೂ ಸೇರಿಕೊಂಡಿದೆ. ಕೆಂಗೇರಿ ದಾಟಿದರೆ ಮೈಸೂರು ರಸ್ತೆಯಲ್ಲಿ ಮತ್ತೊಂದು ಕಾಲೇಜಿದೆ. ಕಾರ್ಮಿಕರ ಕೈಗಳು ದಿನವೂ ಯಂತ್ರದ ಬಾಯಿಗೆ ಹತ್ತಿರವಿರುವ ಈ ಭಾಗದಲ್ಲಿ ನಾಳಿನ ವೈದ್ಯರು ಕಲಿಯುತ್ತಿದ್ದಾರೆ. ಅವರ ಪಠ್ಯದಲ್ಲಿ ಗಾಯ ಮಾಯುವುದರ ಬಗೆಗೆ ಎಷ್ಟು ಪುಟಗಳಿವೆಯೋ, ಮಾಯ್ದ ಮೇಲಿನ ಬಾಳಿನ ಬಗೆಗೂ ಅಷ್ಟು ಪುಟಗಳಿರಲಿ ಎಂದು ಹಾರೈಸುವ ಹಕ್ಕು ರೋಗಿಯ ತಮ್ಮನಾದ ನನಗಿದೆಯೆಂದು ಭಾವಿಸುತ್ತೇನೆ.

ಅಣ್ಣನ ಎರಡು ಬೆರಳುಗಳು ಇಂದಿಗೂ ಪೂರ್ತಿ ಮಡಿಯುವುದಿಲ್ಲ. ಲೇತಿನ ಮುಂದೆ ಅವನು ಮತ್ತೆ ನಿಲ್ಲಲಿಲ್ಲ. ಅದೇ ಬಡಾವಣೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಯಂತ್ರದ ಬಳಿ ಕೈಯನ್ನು ಎಲ್ಲಿಡಬೇಕು, ಎಲ್ಲಿಡಬಾರದು ಎಂಬುದನ್ನು ಹೇಳಿಕೊಡುತ್ತಾನೆ. ಹೇಳುವಾಗ ತನ್ನ ಬಲಗೈಯನ್ನು ಅವರ ಮುಂದೆ ಚಾಚಿ ಹಿಡಿಯುತ್ತಾನೆ. ಹೋದ ತಿಂಗಳು ನೆಂಟರ ಮದುವೆಯಲ್ಲಿ ನನ್ನ ಪಕ್ಕದ ಎಲೆಗೆ ಕುಳಿತವನು ಅನ್ನವನ್ನು ಅದೇ ಕೈಯಲ್ಲಿ ಕಲಸಿಕೊಂಡ. ನಾನು ಬೇಕೆಂದೇ ಬೇರೆ ಕಡೆ ನೋಡುತ್ತ ಊಟ ಮುಗಿಸಿದೆ.