ಸಂಧಾನಕಾರ ರಾಲ್ಫ್ ಬಂಚ್

ಅಮೆರಿಕದ ಡೆಟ್ರಾಯಿಟ್ ನಗರದ ಒಬ್ಬ ಬಡ ಕ್ಷೌರಿಕನ ಮಗನಾಗಿ 20ನೆಯ ಶತಮಾನದ ಆರಂಭದಲ್ಲಿ ಜನಿಸಿದ ರಾಲ್ಫ್ ಬಂಚ್ ಅವರು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಲಾಸ್ ಏಂಜಲೀಸಿನಲ್ಲಿ ಅಜ್ಜಿ ಲೂಸಿ ಜಾನ್ಸನ್ ಅವರ ಮಡಿಲಲ್ಲಿ ಬೆಳೆದರು. ಕಪ್ಪು ಹುಡುಗನಿಗೆ ಕೈಕಸಬು ಸಾಕೆಂದು ಶಾಲೆಯವರು ನಿಶ್ಚಯಿಸಿದಾಗ, ಆ ವೃದ್ಧೆ ತಾನೇ ಹೋಗಿ ವಾದಿಸಿ ಮೊಮ್ಮಗನನ್ನು ಉನ್ನತ ವ್ಯಾಸಂಗದ ಮಾರ್ಗಕ್ಕೆ ಸೇರಿಸಿದಳು. ಆಕೆಯ ಹಟವಿಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. 1934ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಬಂಚ್, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರಾಗಿದ್ದು, ಎರಡನೆಯ ಮಹಾಯುದ್ಧದ ತರುವಾಯ ವಿಶ್ವಸಂಸ್ಥೆಯ ಸೇವೆಗೆ ಸೇರಿದರು.

1948ರಲ್ಲಿ ಪ್ಯಾಲೆಸ್ಟೈನಿನಲ್ಲಿ ಯುದ್ಧ ಹೊತ್ತಿಕೊಂಡಾಗ, ಸ್ವೀಡನ್ನಿನ ಕೌಂಟ್ ಫೋಲ್ಕ್ ಬರ್ನಡೊಟ್ ಸಂಧಾನಕಾರರಾಗಿ ನೇಮಕಗೊಂಡರು. ಬಂಚ್ ಅವರ ಸಹಾಯಕರು. ಸೆಪ್ಟೆಂಬರ್ 17ರಂದು ಜೆರುಸಲೇಮಿನ ಬೀದಿಯಲ್ಲಿ ಬರ್ನಡೊಟ್ ಹಂತಕರ ಗುಂಡಿಗೆ ಬಲಿಯಾದರು. ದಾರಿಯಲ್ಲಿ ತಡವಾದ ಕಾರಣ ಬಂಚ್ ಆ ಕಾರಿನಲ್ಲಿರಲಿಲ್ಲ. ಮಡಿದವರ ಹೊರೆ ಇವರ ಹೆಗಲೇರಿತು.

1949ರ ಜನವರಿ 13ರಂದು ಗ್ರೀಸಿನ ರೋಡ್ಸ್ ದ್ವೀಪದ ಒಂದು ಹೋಟೆಲಿನಲ್ಲಿ ಈಜಿಪ್ಟ್ ಮತ್ತು ಇಸ್ರೇಲಿನ ನಿಯೋಗಗಳು ಬಂದಿಳಿದವು. ಒಬ್ಬರ ಅಸ್ತಿತ್ವವನ್ನು ಇನ್ನೊಬ್ಬರು ಒಪ್ಪದವರನ್ನು ಒಂದೇ ಮೇಜಿಗೆ ತರುವುದು ಹೇಗೆ? ಬಂಚ್ ಅವರ ಕ್ರಮ ಸರಳವಾಗಿತ್ತು, ಆದರೆ ಅಪಾರ ತಾಳ್ಮೆಯನ್ನು ಬೇಡುವಂಥದು. ಮೊದಲು ಪ್ರತಿಯೊಂದು ಪಕ್ಷವನ್ನೂ ಪ್ರತ್ಯೇಕವಾಗಿ ಕಂಡು ಅವರ ಮಾತನ್ನು ಕೇಳಿದರು. ಅನಂತರ ವಿವಾದವಿಲ್ಲದ ಅಲ್ಪ ವಿಷಯಗಳನ್ನೇ, ಕಾರ್ಯಕಲಾಪದ ಪಟ್ಟಿಯನ್ನೂ ಸಹ, ಮುಂದಿಟ್ಟು ರುಜು ಹಾಕಿಸಿದರು. ಒಟ್ಟಿಗೆ ಕೂಡುವ, ಒಟ್ಟಿಗೆ ಒಪ್ಪುವ ಅಭ್ಯಾಸ ಬೆಳೆಯಲೆಂದು. ಫಲೂಜಾದಲ್ಲಿ ಸುತ್ತುವರಿಯಲ್ಪಟ್ಟಿದ್ದ ಈಜಿಪ್ಟಿನ ಸೇನಾಪಡೆಯಂಥ ಕಠಿಣ ಪ್ರಶ್ನೆಗಳಿಗೆ ಇಬ್ಬರೂ ಸೋತೆವೆಂದು ಭಾವಿಸದ ಮಾತುಗಳನ್ನು ತಾವೇ ಬರೆದು ತಿದ್ದುತ್ತ ರಾತ್ರಿಗಳನ್ನು ಕಳೆದರು. (ಆ ಪಡೆಯಲ್ಲಿದ್ದ ತರುಣ ಅಧಿಕಾರಿ ನಾಸರ್ ಮುಂದೆ ಈಜಿಪ್ಟಿನ ಅಧ್ಯಕ್ಷರಾದರು.) ಮಾತುಕತೆ ಮುರಿಯುವಂತಾದಾಗ, ಸ್ಮರಣಾರ್ಥವಾಗಿ ಮಾಡಿಸಿಟ್ಟಿದ್ದ ಪಿಂಗಾಣಿ ತಟ್ಟೆಗಳನ್ನು ತೋರಿಸಿ, ಒಪ್ಪಿದರೆ ಮನೆಗೆ ಒಯ್ಯಬಹುದು, ಇಲ್ಲವಾದರೆ ನಿಮ್ಮ ತಲೆಗಳ ಮೇಲೆಯೇ ಒಡೆಯುವೆನೆಂದು ನಗಿಸಿದರಂತೆ.

ಫೆಬ್ರುವರಿ 24ರಂದು ಮೊದಲ ಒಪ್ಪಂದಕ್ಕೆ ಅಂಕಿತ ಬಿದ್ದಿತು. ಜುಲೈ 20ರ ವೇಳೆಗೆ ಲೆಬನಾನ್, ಜೋರ್ಡಾನ್, ಸಿರಿಯಗಳೂ ಇದನ್ನೇ ಅನುಸರಿಸಿದವು. 1950ರ ನೊಬೆಲ್ ಶಾಂತಿ ಪಾರಿತೋಷಕ ಬಂಚ್ ಅವರನ್ನರಸಿ ಬಂದಿತು. ಕಪ್ಪು ಜನಾಂಗಕ್ಕೆ ಸಂದ ಪ್ರಥಮ ನೊಬೆಲ್ ಅದು. ಶಾಂತಿಕಾರ್ಯ ಬಹುಮಾನಕ್ಕಾಗಿ ಮಾಡಿದ್ದಲ್ಲವೆಂದು ನಿರಾಕರಿಸಹೊರಟವರನ್ನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳೇ ಒಪ್ಪಿಸಬೇಕಾಯಿತು.

ಆದರೂ ಅದು ಯುದ್ಧವಿರಾಮವೇ ಹೊರತು ಶಾಂತಿಯಲ್ಲ. ನೆಲೆ ತಪ್ಪಿದ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರ ಪ್ರಶ್ನೆ ಬಗೆಹರಿಯದೆ ಉಳಿಯಿತು. ಸಂಧಾನಕಾರನ ಕಲೆ ಎಷ್ಟರ ಮಟ್ಟಿಗೆ ಸಾಗಬಲ್ಲದೆಂಬುದಕ್ಕೆ ಇದೂ ಸಾಕ್ಷಿಯೇ.

ಜಗತ್ತಿನ ಜಗಳಗಳನ್ನು ತೀರಿಸಿದ ಈ ಪುರುಷನಿಗೆ ತಾಯ್ನಾಡಿನಲ್ಲಿ ಸಮಾನತೆ ಸುಲಭವಾಗಿ ದೊರೆಯಲಿಲ್ಲ. ವರ್ಣಭೇದ ಬೇರೂರಿದ್ದ ವಾಷಿಂಗ್ಟನ್ನಿಗೆ ಮಕ್ಕಳನ್ನು ಕರೆದೊಯ್ಯಲೊಲ್ಲದೆ, ಅಧ್ಯಕ್ಷ ಟ್ರೂಮನ್ ನೀಡಿದ ಉನ್ನತ ಪದವಿಯನ್ನು ಅವರು ತಿರಸ್ಕರಿಸಿದರು. 1959ರಲ್ಲಿ ನ್ಯೂಯಾರ್ಕಿನ ಒಂದು ಟೆನಿಸ್ ಕ್ಲಬ್ಬು ಅವರಿಗೂ ಮಗನಿಗೂ ಪ್ರವೇಶ ನಿರಾಕರಿಸಿ, ಗದ್ದಲವಾದ ಮೇಲೆ ಆಹ್ವಾನಿಸಿತು. ಸಾಮಾನ್ಯ ಕಪ್ಪು ಮನುಷ್ಯನಿಗೆ ತೆರೆಯದ ಬಾಗಿಲು ತಮಗೂ ಬೇಡವೆಂದರು. 1965ರಲ್ಲಿ ದೇಹ ಬಳಲಿದ್ದರೂ ಮಾರ್ಟಿನ್ ಲೂಥರ್ ಕಿಂಗ್ ಅವರೊಡನೆ ಸೆಲ್ಮಾದ ನಡಿಗೆಯಲ್ಲಿ ಹೆಜ್ಜೆಯಿಟ್ಟರು.

1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಕಟ್ಟಿದವರಲ್ಲಿ ಬಂಚ್ ಪ್ರಮುಖರು. ಮುಂದೆ ಸೈಪ್ರಸ್ಸಿನಲ್ಲಿ ಅಂಥದೇ ಪಡೆಯ ದಂಡನಾಯಕರಾಗಿದ್ದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. 1967ರಲ್ಲಿ ಈಜಿಪ್ಟ್ ಕೇಳಿತೆಂದು ಸೂಯೆಜ್ ಕಾಲದ ಪಡೆಯನ್ನು ಹಿಂತೆಗೆದುಕೊಳ್ಳಲಾಯಿತು. ಜೂನ್ 5ರಂದು ಯುದ್ಧ ಮತ್ತೆ ಸಿಡಿಯಿತು.

ಮಧುಮೇಹದಿಂದ ಜರ್ಜರಿತರಾದ ಬಂಚ್ 1971ರ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ನಿಧನರಾದರು. ಅಂದು ಭಾರತ ಪಾಕಿಸ್ತಾನಗಳ ಸೇನೆಗಳು ರಣರಂಗದಲ್ಲಿದ್ದವು.