ಚಿಕ್ಕ ಪಾತ್ರಗಳ ದೊಡ್ಡ ನಟ ಡೆನ್‌ಹೋಮ್ ಎಲಿಯಟ್

ಇಂಡಿಯಾನಾ ಜೋನ್ಸ್ ಚಿತ್ರಗಳನ್ನು ನೋಡಿದವರಿಗೆ ಮಾರ್ಕಸ್ ಬ್ರಾಡಿಯ ನೆನಪು ಇದ್ದೇ ಇರುತ್ತದೆ. ಟೋಪಿ, ಚಾವಟಿಗಳ ಸಾಹಸಿ ನಾಯಕನ ಪಕ್ಕದಲ್ಲಿ ಸೂಟು ತೊಟ್ಟು, ಕಕ್ಕಾಬಿಕ್ಕಿಯಾಗಿ ನಿಲ್ಲುವ ವಯಸ್ಸಾದ ಸಜ್ಜನ ಆತ. ತಾನೇ ನೋಡಿಕೊಳ್ಳುವ ಮ್ಯೂಸಿಯಮ್ಮಿನೊಳಗೆ ದಾರಿ ತಪ್ಪಿದವನೆಂದು ಗೆಳೆಯರಿಂದ ಗೇಲಿ ಮಾಡಿಸಿಕೊಳ್ಳುವವನು. ಆ ಮುಖ ಜಗತ್ತಿನ ಕೋಟ್ಯಂತರ ಪ್ರೇಕ್ಷಕರಿಗೆ ಗೊತ್ತು. ಹೆಸರು ಮಾತ್ರ ಬಹಳ ಮಂದಿಗೆ ತಿಳಿಯದು. ಪೋಷಕ ನಟರ ಹಣೆಬರಹವೇ ಅಷ್ಟು. ಆದರೆ ಡೆನ್‌ಹೋಮ್ ಎಲಿಯಟ್ ಎಂಬ ಈ ಬ್ರಿಟಿಷ್ ನಟ ಆ ಹಣೆಬರಹವನ್ನೇ ತಮ್ಮ ಬಲವಾಗಿ ಮಾಡಿಕೊಂಡವರು. ನಾಲ್ಕು ದಶಕಗಳಿಗೂ ಮೀರಿದ ವೃತ್ತಿಜೀವನದಲ್ಲಿ ನೂರಕ್ಕೂ ಹೆಚ್ಚು ಚಲನಚಿತ್ರ ಹಾಗೂ ಟೆಲಿವಿಷನ್ ಕೃತಿಗಳಲ್ಲಿ ಅವರು ಕಾಣಿಸಿಕೊಂಡರು. ಬ್ರಿಟನ್ನಿನ ಪ್ರತಿಷ್ಠಿತ ಬಾಫ್ಟಾ ಪೋಷಕ ನಟ ಪ್ರಶಸ್ತಿಯನ್ನು ಸತತ ಮೂರು ವರ್ಷ ತಮ್ಮದಾಗಿಸಿಕೊಂಡರು.

ಸೆರೆಶಿಬಿರದ ರಂಗಮಂಚ

ಎಲಿಯಟ್ ಜನಿಸಿದ್ದು 1922ರ ಮೇ 31ರಂದು, ಲಂಡನ್ನಿನಲ್ಲಿ. ತಂದೆ ನ್ಯಾಯವಾದಿ. ಮ್ಯಾಲ್ವರ್ನ್ ಕಾಲೇಜಿನಲ್ಲಿ ಓದಿದ ಹುಡುಗ ನಟನೆ ಕಲಿಯಲೆಂದು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಸೇರಿದ. ಆದರೆ ಒಂದೇ ಅವಧಿಯ ಬಳಿಕ ಅಲ್ಲಿಂದ ಹೊರಬೀಳಬೇಕಾಯಿತು. ಮುಂದೆ ಬ್ರಿಟಿಷ್ ನಟನಾವರ್ಗದ ಹೆಮ್ಮೆಯೆನಿಸಿದವರನ್ನು ನಟನಾಶಾಲೆ ಉಳಿಸಿಕೊಳ್ಳಲಿಲ್ಲವೆಂಬುದು ವಿಪರ್ಯಾಸ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿತ್ತು. ರಾಯಲ್ ಏರ್‌ಫೋರ್ಸ್ ಸೇರಿದ ಎಲಿಯಟ್ ಬಾಂಬರ್ ವಿಮಾನಗಳಲ್ಲಿ ವೈರ್‌ಲೆಸ್ ನಿರ್ವಾಹಕರಾಗಿ ತರಬೇತಿ ಪಡೆದರು. 1942ರ ಸೆಪ್ಟೆಂಬರಿನ ಒಂದು ರಾತ್ರಿ, ಜರ್ಮನಿಯ ಫ್ಲೆನ್ಸ್‌ಬರ್ಗ್ ಮೇಲಿನ ದಾಳಿಗೆ ಹೊರಟ ಅವರ ಹ್ಯಾಲಿಫ್ಯಾಕ್ಸ್ ವಿಮಾನ ಶತ್ರುಗಳ ಗುಂಡಿಗೆ ಸಿಲುಕಿ ಉತ್ತರ ಸಮುದ್ರಕ್ಕೆ ಉರುಳಿತು. ಸಂಗಡಿಗರಲ್ಲಿ ಕೆಲವರು ಮಡಿದರು. ಬದುಕುಳಿದ ಎಲಿಯಟ್ ಜರ್ಮನರ ಕೈಗೆ ಸೆರೆಯಾದರು. ಆಗ ಅವರ ವಯಸ್ಸು ಕೇವಲ 20.

ಮುಂದಿನ ಸುಮಾರು ಎರಡೂವರೆ ವರ್ಷ ಕಳೆದದ್ದು ಸೈಲೀಷಿಯಾ ಪ್ರಾಂತ್ಯದ ಲಾಮ್ಸ್‌ಡಾರ್ಫ್ ಯುದ್ಧಕೈದಿಗಳ ಶಿಬಿರದಲ್ಲಿ. ಈ ಸ್ಥಳ ಈಗ ಪೋಲೆಂಡಿಗೆ ಸೇರಿದೆ. ಹಸಿವು, ಚಳಿ, ಅನಿಶ್ಚಿತತೆಗಳ ನಡುವೆ ಎಲಿಯಟ್ ಸಹಕೈದಿಗಳನ್ನು ಕಲೆಹಾಕಿ ನಾಟಕ ತಂಡವೊಂದನ್ನು ಕಟ್ಟಿದರು. ಷೇಕ್ಸ್‌ಪಿಯರನ ‘ಟ್ವೆಲ್ತ್ ನೈಟ್’ ಪ್ರದರ್ಶನ ಎಷ್ಟು ಯಶಸ್ವಿಯಾಯಿತೆಂದರೆ, ತಂಡ ಇತರ ಶಿಬಿರಗಳಿಗೂ ಹೋಗಿ ನಾಟಕವಾಡಿತು. ಅಕಾಡೆಮಿಯಲ್ಲಿ ಪೂರ್ಣಗೊಳ್ಳದ ಶಿಕ್ಷಣ ಮುಳ್ಳುತಂತಿಯ ಬೇಲಿಯೊಳಗೆ ಮುಂದುವರಿಯಿತು.

ಮರೆಯಾದ ಸುಂದರ ತರುಣ

ಬಿಡುಗಡೆಯ ನಂತರ ಎಲಿಯಟ್ ನೇರವಾಗಿ ರಂಗಭೂಮಿಗೆ ಧುಮುಕಿದರು. 1949ರಲ್ಲಿ ‘ಡಿಯರ್ ಮಿಸ್ಟರ್ ಪ್ರೊಹ್ಯಾಕ್’ ಮೂಲಕ ಬೆಳ್ಳಿತೆರೆಗೂ ಬಂದರು. 1950ರಲ್ಲಿ ಲಾರೆನ್ಸ್ ಒಲಿವಿಯರ್ ನಿರ್ದೇಶಿಸಿದ, ಕ್ರಿಸ್ಟೋಫರ್ ಫ್ರೈ ಅವರ ‘ವೀನಸ್ ಅಬ್ಸರ್ವ್ಡ್’ ನಾಟಕದ ಅಭಿನಯ ಅವರಿಗೆ ಕ್ಲಾರೆನ್ಸ್ ಡರ್ವೆಂಟ್ ಪ್ರಶಸ್ತಿ ತಂದಿತು. ಅದೇ ವರ್ಷ ನ್ಯೂಯಾರ್ಕಿನ ಬ್ರಾಡ್ವೇ ರಂಗಭೂಮಿಯನ್ನೂ ಏರಿದರು.

ಚಿತ್ರರಂಗದಲ್ಲಿ ಅವರಿಗೆ ಗಟ್ಟಿಯಾದ ಅವಕಾಶ ಕೊಟ್ಟವರಲ್ಲಿ ಡೇವಿಡ್ ಲೀನ್ ಒಬ್ಬರು. ಮುಂದೆ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕಾಗಿ ಸಾವನದುರ್ಗ, ರಾಮನಗರಗಳ ಬಂಡೆಗಳಲ್ಲಿ ಕ್ಯಾಮೆರಾ ಹೂಡಿದ ಅದೇ ಲೀನ್. ಅವರ ‘ದ ಸೌಂಡ್ ಬ್ಯಾರಿಯರ್’ (1952) ಚಿತ್ರದಲ್ಲಿ ವಿಮಾನೋದ್ಯಮಿಯ ಮಗನ ಪಾತ್ರ ಎಲಿಯಟ್ ಅವರದು. ಹಾರಲು ಹೆದರುವ ಮಗ, ಅಪ್ಪನನ್ನು ಮೆಚ್ಚಿಸಲೆಂದೇ ಒಂಟಿಯಾಗಿ ವಿಮಾನವೇರಿ, ಮೊದಲ ಹಾರಾಟದಲ್ಲೇ ಪ್ರಾಣ ಬಿಡುತ್ತಾನೆ. ಹತ್ತು ವರ್ಷಗಳ ಹಿಂದೆ ನಿಜವಾಗಿಯೇ ವಿಮಾನದೊಂದಿಗೆ ಸಮುದ್ರಕ್ಕೆ ಬಿದ್ದ ನಟನಿಗೆ ಈ ಭಯವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮರುವರ್ಷ ತೆರೆಕಂಡ ‘ದ ಕ್ರೂಯೆಲ್ ಸೀ’ ಚಿತ್ರದಲ್ಲಿ ಅವರು ನೌಕಾಧಿಕಾರಿ.

1954ರಲ್ಲಿ ನಟಿ ವರ್ಜೀನಿಯಾ ಮೆಕೆನಾ ಅವರನ್ನು ಎಲಿಯಟ್ ವರಿಸಿದರು. ಆ ದಾಂಪತ್ಯ ಬಹಳ ದಿನ ಉಳಿಯಲಿಲ್ಲ. ಅದೇ ಹೊತ್ತಿಗೆ ಬ್ರಿಟಿಷ್ ಚಿತ್ರರಂಗದ ಗಾಳಿಯೂ ಬದಲಾಗುತ್ತಿತ್ತು. ಕಾರ್ಖಾನೆಯ ಕಾರ್ಮಿಕರು, ಸಿಟ್ಟಿನ ಯುವಕರು ತೆರೆಯ ನಾಯಕರಾದರು. ಶುಭ್ರ ಉಚ್ಚಾರದ ಸಭ್ಯ ತರುಣರಿಗೆ ಬೇಡಿಕೆ ಕುಸಿಯಿತು. 1960ರಲ್ಲಿ ಎಲಿಯಟ್ ನಾಯಕರಾದ ‘ಸೆಂಟ್ ಆಫ್ ಮಿಸ್ಟರಿ’ ಚಿತ್ರದ ಹೆಗ್ಗಳಿಕೆಯೇ ಬೇರೆ. ದೃಶ್ಯಕ್ಕೆ ತಕ್ಕ ವಾಸನೆಯನ್ನು ಕೊಳವೆಗಳ ಮೂಲಕ ಪ್ರೇಕ್ಷಕರ ಆಸನಗಳಿಗೆ ಹಾಯಿಸುವ ‘ಸ್ಮೆಲ್-ಓ-ವಿಷನ್’ ಪ್ರಯೋಗ ಅದು. ಪ್ರಯೋಗ ಸೋತಿತು. ಚಿತ್ರದ ಹೆಸರು ಉಳಿದದ್ದು ವಾಸನೆಯಿಂದಲೇ ಹೊರತು ನಾಯಕನಿಂದಲ್ಲ.

ಮುರುಕು ಸಜ್ಜನಿಕೆಯ ಮುಖ

ಎಲಿಯಟ್ ಅವರ ಎರಡನೆಯ ಜನ್ಮ 1964ರಲ್ಲಿ. ‘ನಥಿಂಗ್ ಬಟ್ ದ ಬೆಸ್ಟ್’ ಚಿತ್ರದಲ್ಲಿ ಅವರು ಮನೆತನದಿಂದ ಹೊರದೂಡಲ್ಪಟ್ಟ ಶ್ರೀಮಂತ ಪುತ್ರ. ಮೇಲ್ವರ್ಗಕ್ಕೆ ನುಸುಳಲು ಹವಣಿಸುವ ಗುಮಾಸ್ತನಿಗೆ ನಡೆ, ನುಡಿ, ಉಡುಪಿನ ಪಾಠ ಹೇಳಿಕೊಡುವ ಈ ಸೋಮಾರಿ ಗುರು ಕೊನೆಗೆ ಶಿಷ್ಯನ ಕೈಯಲ್ಲೇ ಕೊಲೆಯಾಗುತ್ತಾನೆ. ಗುಮಾಸ್ತನಾಗಿ ಅಲನ್ ಬೇಟ್ಸ್ ನಾಯಕರಾಗಿದ್ದರೂ ವಿಮರ್ಶಕರ ಕಣ್ಣು ಬಿದ್ದದ್ದು ಎಲಿಯಟ್ ಮೇಲೆ. ಮೇಲೆ ಇಸ್ತ್ರಿ ಮಾಡಿದ ಸಭ್ಯತೆ, ಒಳಗೆ ಗೆದ್ದಲು ಹಿಡಿದ ವ್ಯಕ್ತಿತ್ವ: ಇನ್ನು ಮುಂದೆ ಇಂಥ ಪಾತ್ರಗಳು ಅವರನ್ನೇ ಹುಡುಕಿಕೊಂಡು ಬಂದವು. ಸುಂದರ ತರುಣನಾಗಿ ಸಿಗದ ಸ್ಥಾನ, ಮುಖದ ಮೇಲೆ ಸುಕ್ಕು ಮೂಡಿದ ಮೇಲೆ ದಕ್ಕಿತು.

1965ರ ‘ಕಿಂಗ್ ರ‍್ಯಾಟ್’ನಲ್ಲಿ ಜಪಾನೀಯರ ಸೆರೆಶಿಬಿರದ ಕೈದಿಯ ಪಾತ್ರ. ಶಿಬಿರದ ಬದುಕು ಅವರಿಗೆ ಹೊಸದಾಗಿರಲಿಲ್ಲ. 1966ರ ‘ಆಲ್ಫಿ’ ಚಿತ್ರದಲ್ಲಂತೂ ಕೆಲವೇ ನಿಮಿಷಗಳ ಪಾತ್ರ. ಗರ್ಭಪಾತ ಬ್ರಿಟನ್ನಿನಲ್ಲಿ ಇನ್ನೂ ಕಾನೂನುಬಾಹಿರವಾಗಿದ್ದ ದಿನಗಳವು. ಕದ್ದುಮುಚ್ಚಿ ಗರ್ಭಪಾತ ಮಾಡಲು ಮನೆಗೆ ಬರುವ ವ್ಯಕ್ತಿಯಾಗಿ ಎಲಿಯಟ್ ಬರುತ್ತಾರೆ. ಅವರು ಆತನನ್ನು ಖಳನಾಗಿಸಲಿಲ್ಲ, ಕನಿಕರಕ್ಕೂ ಬಿಟ್ಟುಕೊಡಲಿಲ್ಲ. ದಣಿದ ಮುಖ, ಸರಕಾರಿ ಗುಮಾಸ್ತನಂಥ ಔಪಚಾರಿಕ ಪ್ರಶ್ನೆಗಳು, ಹಣದ ಲೆಕ್ಕ ಇಷ್ಟರಲ್ಲೇ ಪ್ರೇಕ್ಷಕನ ಮೈ ಜುಮ್ಮೆನ್ನಿಸಿದರು. ಮೈಕೆಲ್ ಕೇನ್ ಅವರನ್ನು ಖ್ಯಾತಿಗೇರಿಸಿದ ಚಿತ್ರದಲ್ಲಿ ಅತ್ಯಂತ ಕರಾಳವಾದ ದೃಶ್ಯ ಇದೇ.

ಟೆಲಿವಿಷನ್ ಅವರಿಗೆ ಇನ್ನೂ ಉದಾರವಾಗಿತ್ತು. ಡೆನಿಸ್ ಪಾಟರ್ ಅವರ ನಾಟಕಗಳಿಗೆ ಎಲಿಯಟ್ ಹೇಳಿಮಾಡಿಸಿದ ನಟ. ಪಾಟರ್ ಬರೆದ ‘ಬ್ರಿಮ್‌ಸ್ಟೋನ್ ಅಂಡ್ ಟ್ರೀಕಲ್’ 1976ರಲ್ಲಿ ಸಿದ್ಧವಾದರೂ ಬಿಬಿಸಿ ಅದನ್ನು ತಡೆಹಿಡಿಯಿತು, ಪ್ರಸಾರವಾದದ್ದು 1987ರಲ್ಲಿ. 1976ರಲ್ಲೇ ಬಂದ, ಡಿಕನ್ಸ್ ಕಥೆಯಾಧಾರಿತ ‘ದ ಸಿಗ್ನಲ್‌ಮನ್’ನಲ್ಲಿ ಏಕಾಂಗಿ ರೈಲ್ವೆ ನೌಕರನ ಭೀತಿಯನ್ನು ಕಣ್ಣುಗಳಲ್ಲೇ ಹಿಡಿದಿಟ್ಟರು. 1981ರಲ್ಲಿ ಬಾಫ್ಟಾದ ಶ್ರೇಷ್ಠ ಟೆಲಿವಿಷನ್ ನಟ ಪ್ರಶಸ್ತಿ ಸಂದಿತು. 1985ರ ‘ಬ್ಲೀಕ್ ಹೌಸ್’ ಧಾರಾವಾಹಿಯ ಜಾನ್ ಜಾರ್ನ್‌ಡಿಸ್, 1991ರ ‘ಎ ಮರ್ಡರ್ ಆಫ್ ಕ್ವಾಲಿಟಿ’ಯ ಜಾರ್ಜ್ ಸ್ಮೈಲಿ ಕೂಡ ನೆನಪಿನಲ್ಲುಳಿಯುವ ಪಾತ್ರಗಳು.

ಮೂರು ವರ್ಷ, ಮೂರು ಪ್ರಶಸ್ತಿ

1981ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಎಲಿಯಟ್ ಮುಖವನ್ನು ಜಗತ್ತಿಗೆಲ್ಲ ಪರಿಚಯಿಸಿತು. ಅರವತ್ತು ದಾಟಿದ ಮೇಲೆ ಪ್ರಶಸ್ತಿಗಳ ಸುರಿಮಳೆ. ‘ಟ್ರೇಡಿಂಗ್ ಪ್ಲೇಸಸ್’ (1983) ಚಿತ್ರದಲ್ಲಿ ಒಡೆಯರ ಆಟವನ್ನು ಮೌನವಾಗಿ ನೋಡುತ್ತ ಕೊನೆಗೆ ದೀನರ ಪಕ್ಷ ವಹಿಸುವ ಬಟ್ಲರ್ ಕೋಲ್ಮನ್. ‘ಎ ಪ್ರೈವೇಟ್ ಫಂಕ್ಷನ್’ನಲ್ಲಿ (1984), ಮಾಂಸ ಪಡಿತರದಲ್ಲಿದ್ದ 1947ರ ಪುಟ್ಟ ಊರೊಂದರಲ್ಲಿ ರಾಜಕುಮಾರಿಯ ಮದುವೆಯ ಔತಣಕ್ಕೆಂದು ಗುಟ್ಟಾಗಿ ಹಂದಿ ಸಾಕುವ ಗಣ್ಯರ ಪೈಕಿ ಸೊಕ್ಕಿನ ವೈದ್ಯ. ‘ಡಿಫೆನ್ಸ್ ಆಫ್ ದ ರೆಲ್ಮ್’ (1985) ಚಿತ್ರದಲ್ಲಿ, ಸರಕಾರ ಮುಚ್ಚಿಟ್ಟ ಸತ್ಯದ ಬೆನ್ನುಹತ್ತಿ ಶಂಕಾಸ್ಪದವಾಗಿ ಸಾಯುವ ಕುಡುಕ ಹಿರಿಯ ಪತ್ರಕರ್ತ. ಮೂರಕ್ಕೂ ಬಾಫ್ಟಾ ಲಭಿಸಿತು. ಮಕ್ಕಳು, ಪ್ರಾಣಿಗಳ ಜತೆ ನಟಿಸಬಾರದೆಂಬುದು ನಟರ ನಡುವಿನ ಹಳೆಯ ಎಚ್ಚರಿಕೆ. ಕೊನೆಯ ಚಿತ್ರದ ನಾಯಕ ಗೇಬ್ರಿಯಲ್ ಬರ್ನ್ ಆ ಪಟ್ಟಿಗೆ ಎಲಿಯಟ್ ಹೆಸರನ್ನೂ ಸೇರಿಸಿದ್ದುಂಟು.

ಅದರ ಬೆನ್ನಲ್ಲೇ ಬಂದದ್ದು ‘ಎ ರೂಮ್ ವಿತ್ ಎ ವ್ಯೂ’. ಮುಂಬಯಿಯಲ್ಲಿ ಹುಟ್ಟಿದ ಇಸ್ಮಾಯಿಲ್ ಮರ್ಚೆಂಟ್ ನಿರ್ಮಾಣ, ಜೇಮ್ಸ್ ಐವರಿ ನಿರ್ದೇಶನ, ದಿಲ್ಲಿಯಲ್ಲಿ ದೀರ್ಘಕಾಲ ಬಾಳಿದ ರೂತ್ ಪ್ರವರ್ ಝಾಬ್‌ವಾಲಾ ಚಿತ್ರಕಥೆ. ಫ್ಲಾರೆನ್ಸಿನ ವಸತಿಗೃಹದಲ್ಲಿ ತಮ್ಮ ಕೋಣೆಗಳನ್ನು ಅಪರಿಚಿತ ಮಹಿಳೆಯರಿಗೆ ಬಿಟ್ಟುಕೊಡಲು ಮುಂದಾಗಿ ಶಿಷ್ಟಾಚಾರವಂತರನ್ನು ತಬ್ಬಿಬ್ಬುಗೊಳಿಸುವ ಎಮರ್ಸನ್ ಆಗಿ ಎಲಿಯಟ್ ಆಸ್ಕರ್ ನಾಮನಿರ್ದೇಶನ ಪಡೆದರು. 1987ರ ಸಮಾರಂಭದಲ್ಲಿ ಪ್ರಶಸ್ತಿ ಹೋದದ್ದು ‘ಆಲ್ಫಿ’ಯ ಹಳೆಯ ಸಹನಟ ಮೈಕೆಲ್ ಕೇನ್ ಅವರಿಗೆ.

ಬಚ್ಚಿಟ್ಟ ನೋವು

ಕೀರ್ತಿಯ ಶಿಖರದಲ್ಲಿದ್ದ ಅದೇ 1987ರಲ್ಲಿ ಎಲಿಯಟ್ ಅವರಿಗೆ ಎಚ್‌ಐವಿ ಸೋಂಕು ತಗುಲಿರುವುದು ಪತ್ತೆಯಾಯಿತು. ಏಡ್ಸ್ ಎಂದರೆ ಜನ ಬೆಚ್ಚಿಬೀಳುತ್ತಿದ್ದ, ರೋಗಿಯನ್ನು ಅಪರಾಧಿಯಂತೆ ನೋಡುತ್ತಿದ್ದ ಕಾಲವದು. ಪರಿಣಾಮಕಾರಿ ಸಂಯುಕ್ತ ಔಷಧ ಚಿಕಿತ್ಸೆ ಬರಲು ಇನ್ನೂ ಸುಮಾರು ಒಂದು ದಶಕವಿತ್ತು. ಎಲಿಯಟ್ ವಿಷಯವನ್ನು ಲೋಕದಿಂದ ಮುಚ್ಚಿಟ್ಟು ದುಡಿಯುತ್ತಲೇ ಹೋದರು. 1988ರಲ್ಲಿ ಸಿಬಿಇ ಗೌರವ ಬಂತು. 1989ರ ‘ಇಂಡಿಯಾನಾ ಜೋನ್ಸ್ ಅಂಡ್ ದ ಲಾಸ್ಟ್ ಕ್ರುಸೇಡ್’ನಲ್ಲಿ ಮಾರ್ಕಸ್ ಬ್ರಾಡಿಯಾಗಿ ಮತ್ತೆ ನಗಿಸಿದರು. ಅದೇ ವರ್ಷ ‘ಬ್ಯಾಂಕಾಕ್ ಹಿಲ್ಟನ್’ ಎಂಬ ಆಸ್ಟ್ರೇಲಿಯಾದ ಕಿರುಧಾರಾವಾಹಿಯಲ್ಲಿ ನಿಕೋಲ್ ಕಿಡ್ಮನ್ ಅವರ ತಂದೆಯಾದರು. 1992ರ ‘ನಾಯ್ಸಸ್ ಆಫ್’ ಅವರ ಕೊನೆಯ ಚಲನಚಿತ್ರ. ಅದರಲ್ಲಿ ಅವರದು ಯಾವ ಕ್ಷಣದಲ್ಲಿ ಕೈಕೊಡುವನೋ ಎಂದು ತಂಡವನ್ನೆಲ್ಲ ಕಂಗೆಡಿಸುವ ಮುದಿ ನಟನ ಪಾತ್ರ. ನಿಜ ಜೀವನದ ಎಲಿಯಟ್, ದೇಹ ಕುಸಿಯುತ್ತಿದ್ದರೂ ಕೈಕೊಡಲಿಲ್ಲ.

1992ರ ಅಕ್ಟೋಬರ್ 6ರಂದು ಸ್ಪೇನಿನ ಇಬಿಜಾ ದ್ವೀಪದ ತಮ್ಮ ಮನೆಯಲ್ಲಿ, ಏಡ್ಸ್ ಸಂಬಂಧಿತ ಕ್ಷಯರೋಗದಿಂದ ಎಲಿಯಟ್ ನಿಧನರಾದರು. ವಯಸ್ಸು 70. 1962ರಲ್ಲಿ ಕೈಹಿಡಿದ ಎರಡನೆಯ ಪತ್ನಿ ಸೂಸನ್ ಕೊನೆಯವರೆಗೂ ಜತೆಗಿದ್ದರು. 1994ರಲ್ಲಿ ಆಕೆ ಬರೆದ ‘ಕ್ವೆಸ್ಟ್ ಫಾರ್ ಲವ್’ ಜೀವನಚರಿತ್ರೆ ಪತಿಯ ದ್ವಿಲಿಂಗಾಸಕ್ತಿಯನ್ನಾಗಲಿ, ಅಸಾಮಾನ್ಯ ದಾಂಪತ್ಯದ ಕಷ್ಟಸುಖಗಳನ್ನಾಗಲಿ ಮರೆಮಾಚಲಿಲ್ಲ. ಅವರ ಹೆಸರಿನಲ್ಲಿ ಎಚ್‌ಐವಿ ಬಾಧಿತರ ನೆರವಿಗೆ ಸೇವಾಸಂಸ್ಥೆಯೊಂದನ್ನೂ ಕಟ್ಟಿದರು. ಬದುಕಿದ್ದಾಗ ಹೇಳಲಾಗದ ಮಾತು, ಸತ್ತ ಮೇಲೆ ಪರರ ನೆರವಿಗೆ ಒದಗಿತು.

2008ರಲ್ಲಿ ಇಂಡಿಯಾನಾ ಜೋನ್ಸ್ ಸರಣಿಯ ನಾಲ್ಕನೆಯ ಚಿತ್ರ ಬಂದಾಗ, ಕಾಲೇಜಿನ ಆವರಣದಲ್ಲಿ ಮಾರ್ಕಸ್ ಬ್ರಾಡಿಯ ಪ್ರತಿಮೆಯನ್ನು ನಿಲ್ಲಿಸಲಾಗಿತ್ತು. ನಾಯಕರ ಪ್ರತಿಮೆಗಳು ಎಲ್ಲೆಡೆ ಇರುತ್ತವೆ. ನಾಯಕನ ಪಕ್ಕದಲ್ಲಿ ನಿಂತವನಿಗೆ ತೆರೆಯ ಮೇಲೆ ಪ್ರತಿಮೆ ದಕ್ಕಿದ್ದು ಅಪರೂಪ. ಹದಿನಾರು ವರ್ಷಗಳ ಹಿಂದೆಯೇ ಅಗಲಿದ ನಟನನ್ನು ಚಿತ್ರರಂಗ ಮರೆತಿರಲಿಲ್ಲ.