ಊರೂರಿಗೆ ಬೆಳಕು ಒಯ್ದ ಡಾ. ಮೋದಿ

ಕೊಪ್ಪಳ: ಕುಷ್ಟಗಿಗೆ ನೆರೆಯ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ ಅವರು ನೇತ್ರ ಚಿಕಿತ್ಸೆಯನ್ನು ಹಳ್ಳಿಗರ ಬಾಗಿಲಿಗೆ ತಂದ ವೈದ್ಯರು. 1940ರ ದಶಕದಲ್ಲಿ ಆರಂಭಿಸಿದ ಉಚಿತ ಶಿಬಿರಗಳನ್ನು ದಶಕಗಳ ಕಾಲ ಊರೂರಿಗೆ ಒಯ್ದರು. ರೋಗಿಗಳನ್ನು ಸಾಲಾಗಿ ಮಲಗಿಸಿ, ಒಂದೇ ದಿನದಲ್ಲಿ ನೂರಾರು ಮಂದಿಯ ಕಣ್ಣಿನ ಪೊರೆ ತೆಗೆಯುತ್ತಿದ್ದ ಅವರ ಕೈಚಳಕ ಮನೆಮಾತಾಗಿತ್ತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 2005ರಲ್ಲಿ ಅವರು ನಿಧನರಾದರು.

ಪೊರೆಯಿಂದ ಮಂದವಾದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳುತ್ತದೆ. ಆ ಶಿಬಿರಗಳು ಸಾವಿರಾರು ಬಾಳುಗಳನ್ನು ಬೆಳಗಿದ್ದು ಹೀಗೆ. ಗ್ಲಾಕೋಮಾದ ಸ್ವಭಾವ ಬೇರೆ. ಬಹುತೇಕ ಕಣ್ಣಿನ ಒಳಒತ್ತಡ ಹೆಚ್ಚಿ ನಶಿಸುವ ದೃಷ್ಟಿನರವನ್ನು ಎಂತಹ ನುರಿತ ಕೈಯೂ ಮರಳಿ ಕೊಡಲಾರದು. ಉಳಿದ ನೋಟವನ್ನಷ್ಟೇ ಕಾಪಾಡಬಹುದು.

ನೋಟದ ಅಂಚು ಮೊದಲು ಕುಂದುವುದರಿಂದ ರೋಗಿಗೆ ಸುಳಿವು ಸಿಗುವುದು ಅಪರೂಪ. ಬೆಳಕು ಬದಲಾದಾಗ ತೊಂದರೆ ಇಣುಕಬಹುದು. ಗಂಗಾವತಿಯ ಗದ್ದೆಯ ಬಿಸಿಲಿನಿಂದ ಮಬ್ಬುಗತ್ತಲ ಪಡಸಾಲೆಗೆ ಬಂದವರ ಕಣ್ಣು ಹೊಂದಿಕೊಳ್ಳಲು ತಡವಾಗುತ್ತದೆ. ಮುಸ್ಸಂಜೆಯಲ್ಲಿ ಮೆಟ್ಟಿಲು ತಪ್ಪುತ್ತದೆ. ಎದುರು ವಾಹನದ ದೀಪ ಕಣ್ಣು ಕುಕ್ಕುತ್ತದೆ. ಕೆಲವರಲ್ಲಿ ಕತ್ತಲಲ್ಲಿ ಪಾಪೆ ಹಿಗ್ಗಿ, ಕಣ್ಣಿನ ದ್ರವ ಹರಿಯುವ ದಾರಿ ಮುಚ್ಚಿ, ಒತ್ತಡ ಹಠಾತ್ತನೆ ಏರುವುದೂ ಉಂಟು. ಆಗ ಕಣ್ಣು ತೀವ್ರವಾಗಿ ನೋಯುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಇದು ತುರ್ತು ಚಿಕಿತ್ಸೆಯ ಸಂದರ್ಭ.

ಕೊಪ್ಪಳ, ಯಲಬುರ್ಗಾದ ಹಿರಿಯರು ಇದನ್ನು ವಯಸ್ಸಿನ ಸಹಜ ಮಬ್ಬೆಂದು ಬಗೆಯಬಾರದು. 40 ದಾಟಿದವರು, ಮನೆತನದಲ್ಲಿ ಈ ರೋಗವಿರುವವರು ನೇತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೋದಿ ಅವರು ನೋಟ ಕಳೆದುಕೊಂಡವರ ಬಳಿಗೆ ನಡೆದು ಬಂದರು. ಗ್ಲಾಕೋಮಾದಲ್ಲಿ ನೋಟವಿರುವಾಗಲೇ ರೋಗಿ ವೈದ್ಯರ ಬಳಿಗೆ ನಡೆಯಬೇಕು.